ಮುಟ್ಟದೆ ತಿರುಗುವ ಮಾಯ್ಕಾರ

ಮೂರು ತಂತಿ. ಅಷ್ಟೇ. ನಿಂಬೆಹಣ್ಣಿನ ಗಾತ್ರದ ಒಂದು ಮೋಟಾರು, ಅದರ ಹಿಂಬದಿಯಿಂದ ಇಳಿಬಿದ್ದ ಮೂರು ತಂತಿ. ಗುಂಡ್ಲುಪೇಟೆಯ ಒಂದು ವೈಂಡಿಂಗ್ ಅಂಗಡಿಯ ಮುಂದೆ, ಸುಟ್ಟ ಪಂಪ್‌ಸೆಟ್ಟುಗಳ ಸಾಲಿನ ನಡುವೆ ನಿಂತಿದ್ದೆ. ಅಂಗಡಿಯ ಅಣ್ಣ ಆ ಮೋಟಾರನ್ನು ಅಂಗೈಯಲ್ಲಿಟ್ಟುಕೊಂಡು ಬೆರಳಿಂದ ತಿರುವಿದರು. ಬುಗುರಿಯ ಹಾಗೆ ಗಿರ್ರನೆ ತಿರುಗಿತು. ಆಮೇಲೆ ಮೂರೂ ತಂತಿಗಳ ತುದಿಯನ್ನು ಒಟ್ಟಿಗೆ ಹೊಸೆದು ನನ್ನ ಕೈಗಿಟ್ಟು, ‘ಈಗ ತಿರುಗ್ಸಿ ಸಾ’ ಅಂದರು.

ತಿರುಗಿಸಿದೆ. ಶಿವನೇ! ತಿರುಗುತ್ತದೆ, ಆದರೆ ಆಲೆಮನೆಯ ಕೊಪ್ಪರಿಗೆಯಲ್ಲಿ ಹದಕ್ಕೆ ಬಂದ ಪಾಕದೊಳಗೆ ಸೌಟು ಆಡಿಸಿದ ಹಾಗೆ. ಬೆರಳಿಗೆ ಅಂಟು ಅಂಟು. ಜೋರು ಮಾಡಿದಷ್ಟೂ ಅದು ಜೋರಾಗಿ ಹಿಡಿಯುತ್ತದೆ. ಒಳಗೆ ಪಾಕವಿಲ್ಲ, ಎಣ್ಣೆಯಿಲ್ಲ, ಬೇರಿಂಗ್ ಬಿಟ್ಟರೆ ಒಂದಕ್ಕೊಂದು ತಾಗುವ ಭಾಗವೇ ಇಲ್ಲ. ಇರುವುದು ಎರಡು ಮೂರು ಹಾಳೆ ಕಾಗದದಷ್ಟು ದಪ್ಪದ ಗಾಳಿ. ತಂತಿ ಬಿಡಿಸಿದೆ, ಮತ್ತೆ ಬುಗುರಿ. ಹೊಸೆದೆ, ಮತ್ತೆ ಪಾಕ. ಐವತ್ತು ದಾಟಿದ ಮನುಷ್ಯ ರಸ್ತೆಬದಿಯಲ್ಲಿ ಹತ್ತು ನಿಮಿಷ ಇದನ್ನೇ ಮಾಡುತ್ತಿದ್ದೆ.

ಲೆಂಜ್‌ನ ನಿಯಮವನ್ನು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿ ಎರಡು ಮಾರ್ಕು ತೆಗೆದವನು ನಾನು. ಅದು ಬೆರಳ ತುದಿಗೆ ಅಂಟಿದ್ದು ಅವತ್ತೇ ಮೊದಲು. ಸುರುಳಿಯ ಎದುರು ಅಯಸ್ಕಾಂತ ಹಾದರೆ ಸುರುಳಿಯಲ್ಲಿ ವಿದ್ಯುತ್ತಿನ ಒತ್ತಡ ಹುಟ್ಟುತ್ತದೆ. ತಂತಿಗಳು ಕೂಡಿದ್ದರೆ ವಿದ್ಯುತ್ ಹರಿದು, ಸುರುಳಿಯೇ ಅಯಸ್ಕಾಂತವಾಗಿ, ತನ್ನನ್ನು ಹುಟ್ಟಿಸಿದ ಚಲನೆಗೇ ಅಡ್ಡ ನಿಲ್ಲುತ್ತದೆ. ತಂತಿ ಬಿಡಿಸಿದರೆ ಹರಿಯಲು ದಾರಿಯಿಲ್ಲ, ಅಡ್ಡಿಯೂ ಇಲ್ಲ. ಲೆಂಜ್ ಇದನ್ನು ಕಂಡು ಹೇಳಿದ್ದು 1834ರಲ್ಲಿ. ಮೋರಿಟ್ಸ್ ಯಾಕೋಬಿ ಎಂಬಾತ ಕೆಲಸಕ್ಕೆ ಬರುವಂಥ ತಿರುಗುವ ಮೋಟಾರು ಮಾಡಿದ್ದೂ ಅದೇ 1834ರಲ್ಲಿ. ಓಡಿಸುವವನೂ ತಡೆಯುವವನೂ ಒಂದೇ ವರ್ಷದ ಮಕ್ಕಳು!

ನಾನು ಅಲ್ಲಿಗೆ ಹೋದದ್ದು ಅಕ್ಕನ ಮಗನ ದೆಸೆಯಿಂದ. ಗುಂಡ್ಲುಪೇಟೆಯ ಮಕ್ಕಳಿಗೆ ಲಾರಿಯ ಹುಚ್ಚು ಹತ್ತದೆ ಇನ್ನೇನು ಹತ್ತೀತು? ಒಂದು ರಸ್ತೆ ಬಂಡೀಪುರದ ಮೇಲೆ ಊಟಿಗೆ, ಇನ್ನೊಂದು ಸುಲ್ತಾನ್ ಬತ್ತೇರಿಯ ಮೇಲೆ ಕೋಯಿಕ್ಕೋಡಿಗೆ. ಕಾಡಿನ ದಾರಿಯಲ್ಲಿ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಸಂಚಾರ ನಿಂತದ್ದು 2009ರಲ್ಲಿ. ಅಂದಿನಿಂದ ಚೆಕ್‌ಪೋಸ್ಟಿನ ಈಚೆ ಲಾರಿಗಳು ಸಾಲುಗಟ್ಟಿ ಬೆಳಗು ಕಾಯುತ್ತವೆ. ಅದನ್ನೇ ನೋಡಿಕೊಂಡು ಬೆಳೆದ ಹುಡುಗ ಕಾಲೇಜಿಗೆ ಹೋಗುವ ಹೊತ್ತಿಗೆ, ನಿಜದ ಲಾರಿಯ ಹತ್ತರಲ್ಲೊಂದು ಅಳತೆಯ ರಿಮೋಟ್ ಟ್ರಕ್ಕು ಜೋಡಿಸಿಕೊಂಡಿದ್ದ. ದಪ್ಪ ಟಯರು, ನಾಲ್ಕೂ ಚಕ್ರಕ್ಕೆ ಓಟ. ಊರಾಚೆಯ ಕರಿಬಂಡೆ ಹತ್ತಿಸಲು ಹೋಗಿ ಮೋಟಾರು ಹೊಗೆಯಾಡಿತು. ಹೊಸದು ತರಿಸುವುದು ಬಿಟ್ಟು, ‘ಮಾವ, ಬೋರ್ ಮೋಟ್ರು ಕಟ್ಟೋರು ಇದ್ನೂ ಕಟ್ತಾರಾ, ಕೇಳ್ಮ ಬನ್ನಿ’ ಅಂದ. ನನಗೆ ನಗು ಬಂತು. ಹದಿನೈದು ಎಚ್‌ಪಿ ಬೋರ್‌ವೆಲ್ ಮೋಟಾರಿಗೂ ಆಟದ ಲಾರಿಗೂ ಎಲ್ಲಿಯ ನಂಟು?

ಅಣ್ಣ ಕನ್ನಡಕ ಏರಿಸಿ ಮೋಟಾರಿನ ಹೊರಗಿನ ಬಟ್ಟಲನ್ನು ಕಿತ್ತು ನೋಡಿದರು. ಒಳಗೆ ಕಬ್ಬಿಣದ ಹೂವಿನಂತೆ ಹನ್ನೆರಡು ಹಲ್ಲು, ಹಲ್ಲಿಗೆಲ್ಲ ಸುಟ್ಟು ಕಪ್ಪಾದ ತಾಮ್ರ. ಬಟ್ಟಲಿನ ಒಳಗೋಡೆಗೆ ಹದಿನಾಲ್ಕು ಪುಟ್ಟ ಅಯಸ್ಕಾಂತ. ಸುರುಳಿ ನಡುವೆ ಕೂತಿದೆ, ಹೊರಗಿನ ಬಟ್ಟಲೇ ತಿರುಗುತ್ತದೆ. ಅರೆ ನಿಮಿಷ ಸುಮ್ಮನಿದ್ದು, ತಲೆಯೆತ್ತಿ ಅವರು ಹೇಳಿದ ಮಾತಿಗೆ ನನ್ನ ನಗು ನಿಂತಿತು:

‘ಇದೂ ತ್ರೀ ಫೇಸೇ ಕಣಾ ಸಾ!’

ಹೌದಲ್ಲ! ಮೂರು ತಂತಿ! ಪಂಪ್‌ಹೌಸಿನ ಸ್ಟಾರ್ಟರ್‌ನಿಂದ ಬೋರಿನೊಳಕ್ಕೆ ಇಳಿಯುವ ಅದೇ ಕೆಂಪು, ಹಳದಿ, ನೀಲಿ. ಮಿಕ್ಸಿಯ ಮೋಟಾರು ಬೇರೆ ಜಾತಿ. ಅದರ ಕಿಂಡಿಯಲ್ಲಿ ಇಣುಕಿದರೆ ನೀಲಿ ಕಿಡಿ ಕಾಣುತ್ತದಲ್ಲ, ಅದು ಕಾರ್ಬನ್ ಬ್ರಷ್ಷು ತಿರುಗುವ ತಾಮ್ರಕ್ಕೆ ಉಜ್ಜಿಕೊಂಡು ವಿದ್ಯುತ್ ದಾಟಿಸುವ ಕಿಡಿ. ಉಜ್ಜಿದ್ದು ಸವೆಯಲೇಬೇಕು. ಆಟಿಕೆ ಕಾರುಗಳ ಮೋಟಾರುಗಳೂ ಬಹುಕಾಲ ಹೀಗೇ ಉಜ್ಜಿಕೊಂಡು ಓಡಿದವು. ಬ್ರಷ್ಷಿಲ್ಲದ ಮೋಟಾರು ಬಂದಾಗ ಹವ್ಯಾಸಿಗಳು ಹೊಸ ಯುಗವೇ ಬಂತೆಂದು ಕುಣಿದರು. ಆದರೆ ನಮ್ಮ ಅರಿಶಿನ, ಬಾಳೆ, ಸಣ್ಣೀರುಳ್ಳಿಯ ಹೊಲಗಳಿಗೆ ನೀರೆತ್ತುವ ಮೋಟಾರಿಗೆ ಯಾವತ್ತು ಬ್ರಷ್ಷಿತ್ತು? ನಿಕೊಲಾ ಟೆಸ್ಲಾ 1888ರಲ್ಲಿ ಹಕ್ಕುಪತ್ರ ಪಡೆದ ಮುಟ್ಟದೆ ತಿರುಗಿಸುವ ಜಾತಿ ಅದು. ಗುಂಡ್ಲುಪೇಟೆಯ ರೈತ ಅದನ್ನು ಬಾವಿಗಿಳಿಸಿ, ಸುಟ್ಟಾಗ ಎತ್ತಿ, ಕಟ್ಟಿಸಿ, ಮತ್ತೆ ಇಳಿಸಿ, ಅದರ ಮರ್ಮವನ್ನೆಲ್ಲ ದಶಕಗಳಿಂದ ಬೈಗುಳದ ಸಮೇತ ಬಲ್ಲ.

ಮೂರು ಫೇಸ್ ಅಂದರೆ ಏನು? ಮೂರು ಅಲೆ. ಒಂದು ಏರಿದಾಗ ಇನ್ನೊಂದು ಇಳಿಯುತ್ತಿರುತ್ತದೆ, ಮತ್ತೊಂದು ಏರಲು ಹೊರಟಿರುತ್ತದೆ. ಕೋಲಾಟದ ಮೂವರು ಸರದಿಯ ಮೇಲೆ ಕೋಲು ಹೊಡೆದ ಹಾಗೆ. ವೃತ್ತದಲ್ಲಿ ಇಟ್ಟ ಸುರುಳಿಗಳಿಗೆ ಈ ಮೂರು ಅಲೆ ಹರಿಸಿ, ಸುರುಳಿ ಕದಲುವುದಿಲ್ಲ. ಕಬ್ಬಿಣ ಕದಲುವುದಿಲ್ಲ. ಆದರೆ ಕಾಂತಕ್ಷೇತ್ರವೊಂದು ಎದ್ದು ಅಲ್ಲೇ ಗರಗರ ಸುತ್ತುತ್ತದೆ! ತಿರುಗುವ ವಸ್ತುವೇ ಇಲ್ಲದ ತಿರುಗಾಟ. ಅದರ ಬೆನ್ನು ಹಿಡಿದು ಅಯಸ್ಕಾಂತದ ಬಟ್ಟಲು ಓಡುತ್ತದೆ.

ಈ ಅಲೆಗಳಿಗೂ ನಮ್ಮ ಜಿಲ್ಲೆಯ ಅಂಚಿಗೂ ಹಳೇ ಸಂಬಂಧ. ಕೊಳ್ಳೇಗಾಲದ ಮಗ್ಗುಲಲ್ಲಿ ಕಾವೇರಿ ಎರಡಾಗಿ ಸೀಳಿ ಗಗನಚುಕ್ಕಿ, ಭರಚುಕ್ಕಿಯಾಗಿ ಧುಮುಕುತ್ತಾಳೆ. ಆ ಶಿವನಸಮುದ್ರದಿಂದ 1902ರಲ್ಲಿ ಮೂರು ಫೇಸಿನ ವಿದ್ಯುತ್ 147 ಕಿಲೋಮೀಟರು ನಡೆದು ಕೋಲಾರದ ಚಿನ್ನದ ಗಣಿಗೆ ಹೋಯಿತು. ಅಷ್ಟು ದೂರ ವಿದ್ಯುತ್ ಸಾಗಿಸುವುದು ಅಂದಿನ ಜಗತ್ತಿಗೇ ಸೋಜಿಗ. ಯೋಜನೆಗೆ ಬೆನ್ನೆಲುಬಾಗಿದ್ದ ದಿವಾನ್ ಶೇಷಾದ್ರಿ ಅಯ್ಯರ್ 1901ರಲ್ಲೇ ತೀರಿಕೊಂಡರು, ಅದು ಹರಿದದ್ದನ್ನು ಕಾಣಲಿಲ್ಲ. ಬೆಂಗಳೂರಿನ ಬೀದಿದೀಪ ಹೊತ್ತಿದ್ದೂ ಆಮೇಲೆಯೇ, 1905ರಲ್ಲಿ. ಹೊಳೆಯ ಬಲವನ್ನು ಮೂರು ತಂತಿಯಲ್ಲಿ ಕಟ್ಟಿ ಕಳಿಸಿದ ಆ ಯುಕ್ತಿಯೇ ಈಗ ನನ್ನ ಅಂಗೈಯಲ್ಲಿ ನಿಂಬೆಹಣ್ಣಿನಷ್ಟಾಗಿ ಕೂತಿತ್ತು.

ಒಂದು ಪ್ರಶ್ನೆ ಮಾತ್ರ ಉಳಿಯಿತು. ಟ್ರಕ್ಕಿನಲ್ಲಿ ಇರುವುದು ಬ್ಯಾಟರಿ, ಬ್ಯಾಟರಿಯಲ್ಲಿ ಎರಡೇ ತಂತಿ. ಮೂರು ಅಲೆ ಎಲ್ಲಿಂದ?

ಅದನ್ನು ಹುಟ್ಟಿಸುವುದು ಬೆಂಕಿಪೊಟ್ಟಣದಷ್ಟು ದೊಡ್ಡ ಕಂಟ್ರೋಲರ್, ಹುಡುಗರ ಬಾಯಲ್ಲಿ ‘ಇಎಸ್‌ಸಿ’. ಬ್ರಷ್ಷಿನ ಕೆಲಸವನ್ನು ಅರೆವಾಹಕದ ಸ್ವಿಚ್ಚುಗಳಿಗೆ ಒಪ್ಪಿಸಬಹುದೆಂದು ವಿಲ್ಸನ್ ಮತ್ತು ಟ್ರಿಕಿ ಎಂಬಿಬ್ಬರು ತೋರಿಸಿದ್ದು 1962ರಲ್ಲಿ. ಸ್ವಿಚ್ಚುಗಳು ಸರದಿಯಂತೆ ಎರಡೆರಡು ತಂತಿಗೆ ಮಾತ್ರ ವಿದ್ಯುತ್ ಬಿಡುತ್ತವೆ. ಮೂರನೆಯ ತಂತಿ ಆ ಗಳಿಗೆಯಲ್ಲಿ ಖಾಲಿ. ಖಾಲಿ ಎಂದು ಸುಮ್ಮನಿರುತ್ತದೆಯೇ? ಇಲ್ಲ! ಅದು ಕಿವಿಯಾಗುತ್ತದೆ! ತಿರುಗುವ ಅಯಸ್ಕಾಂತ ಆ ಖಾಲಿ ಸುರುಳಿಯಲ್ಲಿ ಹುಟ್ಟಿಸುವ ಸಣ್ಣ ಒತ್ತಡವನ್ನು ಕೇಳಿಸಿಕೊಂಡು, ಬಟ್ಟಲು ಎಲ್ಲಿದೆಯೆಂದು ಲೆಕ್ಕ ಹಾಕಿ, ಕಂಟ್ರೋಲರ್ ಮುಂದಿನ ಸರದಿ ಕೊಡುತ್ತದೆ. ಮುಂದಿನ ಗಳಿಗೆ ಬೇರೆ ತಂತಿ ಕಿವಿ. ಎಷ್ಟು ಬೇಗ? ಮೂರು ಸೆಲ್ಲಿನ 11.1 ವೋಲ್ಟ್ ಬ್ಯಾಟರಿಗೆ ಮುಂದೆ ಹೊಸದಾಗಿ ಕಟ್ಟಿಸಿಕೊಂಡ ಈ ಮೋಟಾರು ನಿಮಿಷಕ್ಕೆ ಸುಮಾರು ಒಂಬತ್ತು ಸಾವಿರ ಸುತ್ತು ತಿರುಗುವಾಗ, ಸೆಕೆಂಡಿಗೆ ಆರು ಸಾವಿರಕ್ಕೂ ಮೀರಿದ ಸಲ! ನಮ್ಮ ಲೈನಿನ ಅಲೆ ಸೆಕೆಂಡಿಗೆ 50 ಸಲ ಏರಿಳಿದರೆ ಇಲ್ಲಿ ಸಾವಿರ ದಾಟುತ್ತದೆ.

ಬಟ್ಟಲು ನಿಂತಿದ್ದಾಗ ಕೇಳಿಸಿಕೊಳ್ಳಲು ಏನೂ ಇರುವುದಿಲ್ಲ. ಅದಕ್ಕೇ ಇಂಥ ಟ್ರಕ್ಕು ಹೊರಡುವಾಗ ಒಮ್ಮೆ ತಡವರಿಸುತ್ತದೆ, ಕತ್ತಲಲ್ಲಿ ಎದ್ದವನು ಚಪ್ಪಲಿ ಹುಡುಕಿದ ಹಾಗೆ. ಆ ತಡವರಿಕೆ ಬೇಡವೆಂದವರು ಮೋಟಾರಿನೊಳಗೆ ಕಾಂತವನ್ನು ಗುರುತಿಸುವ ಮೂರು ಸೆನ್ಸಾರ್ ಕೂರಿಸುತ್ತಾರೆ. ಅವು ಕೆಲಸ ಮಾಡುವುದು ಎಡ್ವಿನ್ ಹಾಲ್ 1879ರಲ್ಲಿ ಕಂಡ ಪರಿಣಾಮದಿಂದ. ಬಂಡೆ ಹತ್ತುವವರಿಗೆ ಇದು ಬೇಕೇ ಬೇಕು ಅನ್ನುವುದು ನನ್ನ ಅಕ್ಕನ ಮಗನ ವಾದ, ದುಡ್ಡು ಕೊಡಬೇಕಾದ ನನ್ನ ವಾದ ಬೇರೆ.

ಸರಿ, ಕಟ್ಟುವ ಕೆಲಸ ಶುರುವಾಯಿತು. ಸುಟ್ಟ ತಂತಿಯನ್ನು ಅಣ್ಣ ಎಳೆದು ಬಿಸಾಡಲಿಲ್ಲ, ಎಣಿಸಿ ಬಿಚ್ಚಿದರು. ಹಲ್ಲಿಗೆ ಎಂಟು ಸುತ್ತು. ಯಾವ ಹಲ್ಲಿಗೆ ಬಲಕ್ಕೆ, ಯಾವುದಕ್ಕೆ ಎಡಕ್ಕೆ, ಎಲ್ಲವನ್ನೂ ಹಳೇ ಕ್ಯಾಲೆಂಡರಿನ ಹಿಂದೆ ಬರೆದುಕೊಂಡರು. ಅವರಿಗೆ ಸೋಜಿಗವಾದದ್ದು ಇಲ್ಲೇ. ಪಂಪಿನಲ್ಲಿ ಒಂದು ಸುರುಳಿ ಎಷ್ಟೋ ಹಲ್ಲು ದಾಟಿ ಕೂರುತ್ತದೆ. ಇದರಲ್ಲಿ ಒಂದು ಹಲ್ಲಿಗೆ ಒಂದೇ ಸುರುಳಿ, ಆದರೆ ದಿಕ್ಕಿನದೇ ಒಂದು ಒಗಟು. ಮೊದಲನೇ ಫೇಸ್ ಒಂದನೇ ಹಲ್ಲಿಗೆ ಬಲಸುತ್ತು, ಎರಡನೆಯದಕ್ಕೆ ಎಡಸುತ್ತು. ಅಲ್ಲಿಂದ ನೆಗೆದು ಎದುರು ದಡಕ್ಕೆ ಹೋಗಿ ಏಳನೆಯದಕ್ಕೆ ಎಡ, ಎಂಟನೆಯದಕ್ಕೆ ಬಲ. ಹೀಗೇ ಮೂರೂ ಫೇಸ್ ಒಂದನ್ನೊಂದು ಹೆಣೆದುಕೊಂಡು ಹನ್ನೆರಡು ಹಲ್ಲು ತುಂಬುತ್ತವೆ. ಮಲ್ಲಿಗೆ ಮೊಗ್ಗನ್ನು ಆಕಡೆ ಎರಡು ಈಕಡೆ ಎರಡು ಇಟ್ಟು ಕಟ್ಟುವ ಹೆಂಗಸರ ಕೈ ನೆನಪಾಯಿತು.

ಹಲ್ಲು ಹನ್ನೆರಡು, ಅಯಸ್ಕಾಂತ ಹದಿನಾಲ್ಕು. ಯಾಕೆ ಈ ಹೊಂದದ ಜೋಡಿ? ಎರಡೂ ಹನ್ನೆರಡೇ ಇದ್ದಿದ್ದರೆ ಎಲ್ಲ ಅಯಸ್ಕಾಂತಗಳೂ ಎಲ್ಲ ಹಲ್ಲುಗಳಿಗೆ ಒಟ್ಟಿಗೆ ಕಚ್ಚಿಕೊಂಡು ಮೋಟಾರು ಮುಷ್ಕರ ಹೂಡುತ್ತಿತ್ತು. ಎರಡು ಹೆಚ್ಚಿಗೆ ಇಟ್ಟರೆ ಸಾಕು, ಯಾವ ಗಳಿಗೆಯಲ್ಲೂ ಎಲ್ಲವೂ ಒಂದಾಗುವುದಿಲ್ಲ. ಹನ್ನೆರಡು, ಹದಿನಾಲ್ಕರ ಲ.ಸಾ.ಅ. 84. ಒಂದು ಸುತ್ತಿಗೆ 84 ಪುಟ್ಟ ಪುಟ್ಟ ಕಚ್ಚುಗಳಾಗಿ ಆ ಎಳೆತ ಹಂಚಿಹೋಗುತ್ತದೆ. ಏಳನೇ ಕ್ಲಾಸಿನ ಲ.ಸಾ.ಅ. ಎಲ್ಲಿ ಬಂದು ಕೂತಿದೆ ನೋಡಿ!

ಈ ಹೆಣಿಗೆಯ ಕತೆಯೂ ಕೇಳುವಂಥದು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಪುಟ್ಟ ವಿಮಾನಗಳ ಹುಚ್ಚಿದ್ದವರು ಕೆಟ್ಟುಹೋದ ಸಿ.ಡಿ. ಡ್ರೈವುಗಳನ್ನು ಒಡೆದು, ಒಳಗಿನ ಬಿಲ್ಲೆಯಂಥ ಮೋಟಾರು ತೆಗೆದು, ಅದರ ಬಡಪಾಯಿ ಅಯಸ್ಕಾಂತವನ್ನು ಕಿತ್ತು ನಿಯೋಡೈಮಿಯಂ ಅಂಟಿಸಿ, ದಪ್ಪ ತಂತಿ ಸುತ್ತಿ, ಅಡುಗೆಮನೆಯ ಮೇಜಿನ ಮೇಲೆ ವಿಮಾನದ ಎಂಜಿನ್ ಮಾಡಿಬಿಟ್ಟರು! ಹಾಡು ಕೇಳಿಸುತ್ತಿದ್ದ ಯಂತ್ರ ಆಕಾಶಕ್ಕೆ ಹಾರಿತು. ಹನ್ನೆರಡು–ಹದಿನಾಲ್ಕರ ಸುತ್ತನ್ನು ಹವ್ಯಾಸಿಗಳ ನಡುವೆ ಹರಡಿದವರು ಜರ್ಮನಿಯ ಮೂವರು, ಲೂಕಾಸ್, ರೆಟ್ಸ್‌ಬಾಖ್, ಕ್ಯೂಫಸ್. ಮೂವರ ಮೊದಲಕ್ಷರ ಸೇರಿ ಆ ಸುತ್ತಿಗೆ ‘ಎಲ್‌ಆರ್‌ಕೆ’ ಎಂದೇ ಹೆಸರು. ಅದರಲ್ಲಿ ಒಂದು ಬಿಟ್ಟು ಒಂದು ಹಲ್ಲಿಗೆ ತಂತಿ, ನಮ್ಮದರಲ್ಲಿ ಎಲ್ಲ ಹಲ್ಲಿಗೂ ಹಂಚಿದ ರೂಪ.

ಎಷ್ಟು ಸುತ್ತು ಹಾಕಬೇಕು? ಇದೇ ಇಡೀ ವಿದ್ಯೆಯ ಹೊಕ್ಕುಳು. ಮೋಟಾರಿನ ಮೈಮೇಲೆ ‘1400 ಕೆವಿ’ ಎಂದಿತ್ತು. ಅಣ್ಣ ಹೌಹಾರಿದರು, ಅವರು ಬಲ್ಲ ಕೆವಿ ಅಂದರೆ ಊರ ಮೇಲೆ ಹಾಯುವ 11 ಕೆವಿ ಲೈನು! ಇದು ಬೇರೆ ಕೆವಿ. ಭಾರವಿಲ್ಲದೆ ಓಡುವಾಗ ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬ ಲೆಕ್ಕ. ತಂತಿಯ ಸುತ್ತು ಹೆಚ್ಚಿದರೆ ಕೆವಿ ಇಳಿಯುತ್ತದೆ. ಎಂಟರ ಬದಲು ಹದಿನಾಲ್ಕು ಸುತ್ತಿದರೆ 1400 ಹೋಗಿ 800. ಓಟ ಕಮ್ಮಿ, ಆದರೆ ಒಂದೊಂದು ಆಂಪಿಯರಿಗೆ ಸಿಗುವ ತಿರುಚುಬಲ ಅಷ್ಟೇ ಪಟ್ಟು ಹೆಚ್ಚು. ಬಂಡೆ ಹತ್ತುವ ಲಾರಿಗೆ ಬೇಕಾದದ್ದು ಅದೇ.

ಹದಿನಾಲ್ಕು ಸುತ್ತು ತುರುಕಲು ಜಾಗ ಸಾಲದು, ತೆಳು ತಂತಿಗೆ ಇಳಿಯಬೇಕಾಯಿತು. ಮುಗಿದ ಮೇಲೆ ಅಣ್ಣ ಹಳೇ ತಾಮ್ರವನ್ನೂ ಹೊಸ ತಾಮ್ರವನ್ನೂ ತಕ್ಕಡಿಗಿಟ್ಟು, ‘ತೂಕ ಅಷ್ಟೇ ಅದ. ನೀವು ಯಾನ ಮಾಡಿದ್ರೂ ಒಳಗ ಹಿಡಿಯಾದು ಅಷ್ಟೇಯ’ ಅಂದರು. ಈ ಮಾತಿನ ಆಳ ನನಗೆ ತಿಳಿದದ್ದು ರಾತ್ರಿ ಕಾಗದ ಹಿಡಿದು ಕೂತಾಗ. ಸುತ್ತು ಹೆಚ್ಚಾದರೆ ಆಂಪಿಯರಿಗೆ ಬಲ ಹೆಚ್ಚುತ್ತದೆ, ನಿಜ. ಆದರೆ ತಂತಿ ಉದ್ದವೂ ತೆಳುವೂ ಆಗಿ ತಡೆ ಸುತ್ತಿನ ವರ್ಗದಷ್ಟು ಏರುತ್ತದೆ. ಎರಡನ್ನೂ ಹಾಕಿ ಭಾಗಿಸಿದರೆ ಸುತ್ತಿನ ಸಂಖ್ಯೆ ಲೆಕ್ಕದಿಂದಲೇ ಮಾಯ! ಇಷ್ಟು ಬಿಸಿಗೆ ಇಷ್ಟು ಬಲ ಎಂಬುದನ್ನು ನಿರ್ಧರಿಸುವುದು ಒಳಗೆ ಹಿಡಿದ ತಾಮ್ರ, ಕಬ್ಬಿಣ, ಅಯಸ್ಕಾಂತ. ಸುತ್ತಿನ ಸಂಖ್ಯೆ ಬರೀ ವೋಲ್ಟು–ಆಂಪಿಯರುಗಳ ನಡುವಿನ ಗೇರು. ನಾನು ಎರಡು ಪುಟ ಗೀಚಿ ಕಂಡದ್ದನ್ನು ಅವರು ತಕ್ಕಡಿಯಲ್ಲಿ ತೂಗಿ ಹೇಳಿದ್ದರು. ಗೇರಿನಿಂದಲೂ ಲಾಭವಿದೆ ಅನ್ನಿ. ಕಮ್ಮಿ ಆಂಪಿಯರು ಹರಿದರೆ ಬ್ಯಾಟರಿಯೂ ಕಂಟ್ರೋಲರೂ ತಣ್ಣಗಿರುತ್ತವೆ.

ಹಲ್ಲಿನ ಚೂಪು ಅಂಚಿಗೆ ತಂತಿಯ ಎನಾಮಲ್ ತರಚಿ ಒಮ್ಮೆ ಶಾರ್ಟ್ ಆಯಿತು, ಬಿಚ್ಚಿ ಮತ್ತೆ ಕಟ್ಟಿದರು. ಮೂರು ತುದಿಗಳನ್ನು ಸ್ಟಾರ್ ಜೋಡಿಸಿದರು. ಡೆಲ್ಟಾ ಜೋಡಿಸಿದ್ದರೆ ಅದೇ ಸುತ್ತಿಗೆ ಕೆವಿ 1.73 ಪಟ್ಟು ಏರುತ್ತಿತ್ತು. ಸ್ಟಾರ್, ಡೆಲ್ಟಾ! ಪಂಪ್‌ಹೌಸಿನ ಹಸಿರು ಸ್ಟಾರ್ಟರ್ ಪೆಟ್ಟಿಗೆಯ ಮೇಲೆ ನಾವೆಲ್ಲ ಓದಿದ ಅದೇ ಪದ.

ಈಗ ಪರೀಕ್ಷೆ. ಬ್ಯಾಟರಿಗೆ ಕೊಡುವ ಮೊದಲು ಮೋಟಾರಿನ ದಂಡವನ್ನು ಡ್ರಿಲ್ಲಿಂಗ್ ಮೆಷಿನ್ನಿಗೆ ಕಚ್ಚಿಸಿ, ಎರಡು ತಂತಿಗೆ ಮೀಟರು ಹಿಡಿದೆವು. ಡ್ರಿಲ್ 2800 ಸುತ್ತಿನದು. ಮೀಟರು ಎರಡೂವರೆ ವೋಲ್ಟಿನ ಹತ್ತಿರ ತೋರಿಸಿತು. ಅಲೆಯ ನೆತ್ತಿಗೆ ಬರಲು 1.414ರಿಂದ ಗುಣಿಸಿದರೆ ಮೂರೂವರೆ, 2800ನ್ನು ಅದರಿಂದ ಭಾಗಿಸಿದರೆ 800. ಬಂತು! ಮೂರೂ ಜೋಡಿಗೆ ಹಿಡಿದರೂ ಅಷ್ಟೇ. ಒಂದು ಜೋಡಿ ಕಮ್ಮಿ ತೋರಿಸಿದ್ದರೆ ಎಲ್ಲೋ ಒಂದು ಸುತ್ತು ತಪ್ಪಿರುತ್ತಿತ್ತು. ಹುಡುಗ ಒಂದು ಬಿಳಿ ಎಲ್‌ಇಡಿ ಸಿಕ್ಕಿಸಿದ, ಉರಿಯಿತು. ನಾವು ಕಟ್ಟಿದ್ದು ಮೋಟಾರು, ಡ್ರಿಲ್ ಹಿಡಿದಾಗ ಅದು ಪವರ್ ಹೌಸು! ಕೊಟ್ಟರೆ ತಿರುಗುತ್ತದೆ, ತಿರುಗಿಸಿದರೆ ಕೊಡುತ್ತದೆ. ‘ಇದ್ಯಾವ ಮಾಯ್ಕಾರನ ಕೆಲ್ಸ ಸಾ’ ಎಂದು ಅಣ್ಣ ಮಾದಪ್ಪನ ಬೆಟ್ಟ ಇರುವ ದಿಕ್ಕಿಗೆ ಕೈ ಮುಗಿದರು. ಅರ್ಧ ತಮಾಷೆ, ಅರ್ಧ ನಿಜ.

ಟ್ರಕ್ಕಿಗೆ ಕೂರಿಸಿ ಬ್ಯಾಟರಿ ಚುಚ್ಚಿದಾಗ ಪೀಂ, ಪೀಂ, ಪೀಂ ಎಂದು ಮೂರು ಸದ್ದು. ಬ್ಯಾಟರಿಯಲ್ಲಿ ಮೂರು ಸೆಲ್ಲು ಎಂದು ಅದು ಹೇಳುವ ರೀತಿ. ಸ್ಪೀಕರ್ ಎಲ್ಲಿದೆ ಎಂದು ಹುಡುಕಿದೆ. ಇಲ್ಲ! ಕಂಟ್ರೋಲರು ಸುರುಳಿಗಳನ್ನೇ ಕಂಪಿಸಿ ಮೋಟಾರಿನ ಬಾಯಲ್ಲಿ ನುಡಿಸುತ್ತದೆ.

ಹದ ಮಾಡುವುದು ಆಮೇಲಿನ ಕೆಲಸ, ಅದಕ್ಕೆ ಮೂರು ಸಂಜೆ ಹಿಡಿಯಿತು. ಕಂಟ್ರೋಲರಿನ ಟೈಮಿಂಗ್ ಮುಂದೆ ಹಾಕಿದರೆ ಓಟ ಹೆಚ್ಚು, ಬಿಸಿಯೂ ಹೆಚ್ಚು. ಮೋಟಾರಿನ ಪುಟ್ಟ ಗೇರಿನಲ್ಲಿ ಒಂದು ಹಲ್ಲು ಕಮ್ಮಿ ಮಾಡಿದರೆ ಓಟ ಇಳಿದು ಹತ್ತುವ ಬಲ ಏರುತ್ತದೆ. ಪ್ರತಿ ಸಲ ಐದು ನಿಮಿಷ ಓಡಿಸುವುದು, ಬೆರಳಿಟ್ಟು ನೋಡುವುದು. ಬೆರಳು ತಾಳದಿದ್ದರೆ ಲೆಕ್ಕ ತಪ್ಪಿದೆ. ಯಾಕೆಂದರೆ ಸಾದಾ ದರ್ಜೆಯ ನಿಯೋಡೈಮಿಯಂ 80 ಡಿಗ್ರಿ ದಾಟಿದರೆ ತನ್ನ ಬಲವನ್ನು ಕಳೆದುಕೊಳ್ಳಲು ತೊಡಗುತ್ತದೆ, ತಣ್ಣಗಾದ ಮೇಲೂ ಎಲ್ಲವೂ ಮರಳಿ ಬರುವುದಿಲ್ಲ. ತಾಮ್ರ ಸುಟ್ಟರೆ ಮತ್ತೆ ಕಟ್ಟಬಹುದು. ಅಯಸ್ಕಾಂತ ಮರೆತುಬಿಟ್ಟರೆ ಯಾರು ನೆನಪಿಸುವುದು?

ಆ ಸಂಜೆಗಳಲ್ಲೊಂದರಲ್ಲಿ, ಬಂಡೆಯ ಕೆಳಗೆ ಕೂತು ಟ್ರಕ್ಕು ಇಂಚಿಂಚು ಏರುವುದನ್ನು ನೋಡುವಾಗ ನನಗೆ ಥಟ್ಟನೆ ಇನ್ನೊಂದು ರಿಮೋಟ್ ಗಾಡಿ ನೆನಪಾಯಿತು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದ ಮೇಲೆ ಹೊರಬಂದ ಪ್ರಜ್ಞಾನ್! 26 ಕೆ.ಜಿ. ತೂಕ, ಆರು ಚಕ್ರ, ಒಂದೊಂದು ಚಕ್ರಕ್ಕೂ ಒಂದೊಂದು ಬ್ರಷ್ಷಿಲ್ಲದ ಮೋಟಾರು. ಅಪ್ಪಣೆ ಹೋಗುತ್ತಿದ್ದದ್ದು ಬೆಂಗಳೂರಿನಲ್ಲಿರುವ ಇಸ್ರೋದ ಇಸ್ಟ್ರಾಕ್ ಕೇಂದ್ರದಿಂದ. ಬ್ಯಾಲಾಳುವಿನಲ್ಲಿ ಅದರ 32 ಮೀಟರ್ ಅಗಲದ ಆಂಟೆನಾ ಆಕಾಶಕ್ಕೆ ಮುಖ ಮಾಡಿ ನಿಂತಿದೆ. ಗುಂಡಿ ಒತ್ತಿದರೆ ರೇಡಿಯೋ ಅಲೆ ಚಂದ್ರನನ್ನು ಮುಟ್ಟಲು ಸುಮಾರು 1.3 ಸೆಕೆಂಡು. ಸೆಕೆಂಡಿಗೆ ಒಂದು ಸೆಂಟಿಮೀಟರಿನ ನಡಿಗೆಯಲ್ಲಿ ಅದು ನೂರು ಮೀಟರು ದಾಟಿತು. ನಮ್ಮ ಟ್ರಕ್ಕು ಆ ಬಂಡೆಯ ಮೇಲೆ ಹೋಗುತ್ತಿದ್ದ ವೇಗವೂ ಅದಕ್ಕಿಂತ ಬಹಳ ಹೆಚ್ಚೇನಿರಲಿಲ್ಲ. ಹುಡುಗ ರಿಮೋಟಿನ ಟ್ರಿಗರ್ ಮೇಲೆ ಬೆರಳಿಟ್ಟು ಉಸಿರು ಬಿಗಿಹಿಡಿದಿದ್ದ. ಮುಂದಿನ ಚಕ್ರ ಬಂಡೆಯ ತುದಿಗೆ ಕಚ್ಚಿತು, ಜಾರಿತು, ಮತ್ತೆ ಕಚ್ಚಿತು, ಮೇಲೆ ಹೋಯಿತು. ಮೋಟಾರು ಮುಟ್ಟಿದೆ. ಬೆಚ್ಚಗಿತ್ತು, ಅಷ್ಟೇ.

ದುಡ್ಡು ಕೊಡಲು ಅಂಗಡಿಗೆ ಹೋದಾಗ ಅಣ್ಣ ಲೆಕ್ಕದ ಪುಸ್ತಕ ತೆರೆದಿದ್ದರು. ಬೇಗೂರು, 10 ಎಚ್‌ಪಿ. ತೆರಕಣಾಂಬಿ, 7.5 ಎಚ್‌ಪಿ. ಅದರ ಕೆಳಗೆ ದುಂಡು ಅಕ್ಷರದಲ್ಲಿ: ಆಟದ ಲಾರಿ, 12 ಹಲ್ಲು, 14 ಸುತ್ತು, ಸ್ಟಾರ್. ಎಚ್‌ಪಿ ಬರೆಯುವ ಜಾಗದಲ್ಲಿ ಪೆನ್ನು ನಿಲ್ಲಿಸಿ, ‘ಇದ್ಕ ಯಾನ ಬರ್ಯಾದು ಕೂಸೇ?’ ಎಂದು ಹುಡುಗನ ಮುಖ ನೋಡಿದರು. ಅಷ್ಟರಲ್ಲಿ ಸುಟ್ಟ ಬೋರ್ ಮೋಟಾರೊಂದನ್ನು ಹೊತ್ತ ಗೂಡ್ಸ್ ಆಟೋ ಬಂದು ಅಂಗಡಿಯ ಮುಂದೆ ನಿಂತಿತು.